ಗೋಡೆ ಮೇಲಿನ ಮೋಟಾರು

ನಮ್ಮ ಮನೆಯ ಜಗಲಿಯಲ್ಲಿ ಒಂದು ಫೋಟೊ ಇದೆ. ಅಜ್ಜನ ಮದುವೆಯದು. ಅಜ್ಜ, ಅಜ್ಜಿ, ಇಪ್ಪತ್ತು ಇಪ್ಪತ್ತೈದು ನೆಂಟರು, ಎಲ್ಲರ ನಡುವೆ ಒಂದು ಮೋಟಾರು. ಮನೆಗೆ ಬಂದವರು ಆಸರಿಗೆ ಕುಡಿಯುತ್ತ ಕತ್ತೆತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಅಜ್ಜ ಅಲ್ಲ, ಮೋಟಾರು. "ಓಹೋ, ಆ ಕಾಲದಲ್ಲೇ ನಿಮ್ಮಲ್ಲಿ ಕಾರಿತ್ತಾ?" ಎಂದು ಅವರು ಕೇಳಬೇಕು. "ಹೌದು, ಅಪ್ಪಯ್ಯನದು" ಎಂದು ಅಪ್ಪ ಹೇಳಬೇಕು. ನಾನು ಹುಟ್ಟಿದಾಗಿನಿಂದ ಇದು ಹೀಗೇ ನಡೆದುಬಂದಿದೆ. ನಮ್ಮದು ಶಿರಸಿ ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗಿನ ಊರು. ಮನೆಯ ತನಕ ಟಾರು ರಸ್ತೆ ಬಂದಿದ್ದು ನಾನು ಹೈಸ್ಕೂಲಿಗೆ ಹೋಗುವಾಗ. ಹಾಗಾದರೆ ಅಜ್ಜನ ಮೋಟಾರು ಮನೆಗೆ ಬರುತ್ತಿದ್ದುದು ಯಾವ ದಾರಿಯಲ್ಲಿ? ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹೋದ ವರ್ಷ ಮಳೆ ಮುಗಿದ ಮೇಲೆ ಜಗಲಿಗೆ ಬಣ್ಣ ಹೊಡೆಸಿದೆವು. ಫೋಟೊ ಕೆಳಗಿಳಿಯಿತು. ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವವನು, ರಜೆಗೆ ಬಂದಿದ್ದ. ಗಾಜು ಒರೆಸುತ್ತ ಕೇಳಿದ.

"ಮಾವಾ, ಇದು ಯಾವ ಕಾರು?"

"ಹಳೇ ಕಾರು."

"ಹಳೇ ಕಾರು ಅನ್ನೋ ಕಂಪನಿ ಇಲ್ಲ ಮಾವಾ."

ಹೀಗೆ ಶುರುವಾಯಿತು. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಅಡಕೆ ಕೊಯ್ಲು ಮುಗಿದರೂ ಇದು ಮುಗಿಯಲಿಲ್ಲ.

ಮೊದಲು ಚೌಕಟ್ಟು ಬಿಚ್ಚಿದೆವು. ಹಿಂದಿನ ಹಲಗೆಯ ಒಂದು ಮೂಲೆ ಗೆದ್ದಲು ತಿಂದಿತ್ತು. ಫೋಟೊದ ಬೆನ್ನಿಗೆ ನೀಲಿ ಶಾಯಿಯಲ್ಲಿ "1927, ಮದುವೆ" ಎಂದು ಬರೆದಿತ್ತು. ಅಕ್ಷರ ದೊಡ್ಡಪ್ಪನದು, ಗುರುತು ಸಿಕ್ಕಿತು. ಆದರೆ ಬರೆದಿದ್ದು ಬಾಲ್‌ಪೆನ್ನಿನಲ್ಲಿ. 1927ರಲ್ಲಿ ದೊಡ್ಡಪ್ಪನೂ ಹುಟ್ಟಿರಲಿಲ್ಲ, ಆ ಪೆನ್ನೂ ಪೇಟೆಗೆ ಬಂದಿರಲಿಲ್ಲ. ಅಂದರೆ ಇಸವಿ ಯಾವಾಗಲೋ ಆಮೇಲೆ, ಅಂದಾಜಿನ ಮೇಲೆ ಬರೆದಿದ್ದು. ಅಪ್ಪನನ್ನು ಕೇಳಿದರೆ, ಈ ಫೋಟೊವನ್ನೇ 1972ರಲ್ಲಿ ಅಜ್ಜನ ಅರವತ್ತು ವರ್ಷದ ಶಾಂತಿಗೆ ದೊಡ್ಡದು ಮಾಡಿಸಿದ್ದು ಎಂದ. ಅಜ್ಜಿಯ ತವರಿನಲ್ಲಿ ಗಾಜಿನ ನೆಗೆಟಿವ್ ಇತ್ತಂತೆ. ಅದನ್ನು ಸ್ಟುಡಿಯೋಕ್ಕೆ ಕೊಟ್ಟರಂತೆ. ಸ್ಟುಡಿಯೋದವರು ಗಾಜು ವಾಪಸ್ ಕೊಡಲೇ ಇಲ್ಲವಂತೆ.

ಫೋಟೊದ ಮೇಲಿನ ತುದಿ ಗಾಜಿಗೆ ಅಂಟಿಕೊಂಡಿತ್ತು. ನಮ್ಮ ಕಡೆಯ ಮಳೆಗಾಲಕ್ಕೆ ಇದು ಮಾಮೂಲು. ಎಳೆದರೆ ಚಿತ್ರದ ಪದರವೇ ಗಾಜಿಗೆ ಕಿತ್ತುಕೊಂಡು ಬರುತ್ತದೆ. ಹಾಗಾಗಿ ಗಾಜು ಬಿಡಿಸಲು ಹೋಗಲಿಲ್ಲ. ಅಂಗಳದಲ್ಲಿ ನೆರಳಿರುವ ಕಡೆ ಒರಗಿಸಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ಮಾಡಿ, ನಮ್ಮ ಪ್ರತಿಬಿಂಬ ಬೀಳದ ಹಾಗೆ ಫೋನಿನ ಹಿಂದೆ ಕರಿ ಕಂಬಳಿ ಹಿಡಿದು ತುಂಡು ತುಂಡಾಗಿ ಚಿತ್ರ ತೆಗೆದೆವು. ಮುಂದಿನ ಚಕ್ರಕ್ಕೇ ಎಂಟು ಚಿತ್ರ. ಇಡೀ ಫೋಟೊವನ್ನು ಫೋನಿಗೆ ತೋರಿಸಿ ಹುಡುಕಿದರೆ ನಾಲ್ಕು ಸಲಕ್ಕೆ ನಾಲ್ಕು ಕಾರಿನ ಹೆಸರು ಬಂತು. ನಾಲ್ಕನೆಯದರ ಬೆಲೆ ನೋಡಿ ಅಪ್ಪ, "ಇದೇ ಇರಬೇಕು" ಎಂದ.

ಕಾಣುತ್ತಿದ್ದುದು ಇಷ್ಟು. ತೆರೆದ ಗಾಡಿ. ಕ್ಯಾನ್ವಾಸ್ ಟಾಪ್ ಹಿಂದಕ್ಕೆ ಮಡಚಿದೆ. ಮುಂದೆ ಎರಡು ದೊಡ್ಡ ಹೆಡ್‌ಲೈಟು, ನಡುವೆ ಒಂದು ಅಡ್ಡ ಸರಳು. ತಂತಿ ಕಡ್ಡಿಯ ಚಕ್ರ. ನಂಬರ್ ಪ್ಲೇಟ್ ಇರಬೇಕಾದಲ್ಲಿ ಅಡಕೆ ಸಿಂಗಾರದ ಗೊಂಚಲು ಕಟ್ಟಿದ್ದಾರೆ, ಹಾಗಾಗಿ ನಂಬರಿನ ಆಸೆ ಅಲ್ಲಿಗೇ ಬಿಟ್ಟೆವು. ರೇಡಿಯೇಟರ್ ಮೇಲೆ ದಪ್ಪ ಹೂಮಾಲೆ. ಮಾಲೆಯ ಪಕ್ಕದಲ್ಲಿ ಅರ್ಧ ಇಣುಕುವ, ಮೊಟ್ಟೆಯಾಕಾರದ ಬಿಳಿಚಿದ ಬಿಲ್ಲೆ. ಬಿಲ್ಲೆಯಲ್ಲಿ ಏನೋ ಬಳ್ಳಿ ಹಬ್ಬಿದ ಹಾಗೆ ಅಕ್ಷರ. ಕನ್ನಡ ಅಲ್ಲ, ಇಂಗ್ಲಿಷೂ ಅಲ್ಲ. ಅಳಿಯ ಅರಬ್ಬಿ ಎಂದ. ನಾನು ಹಳೇ ಮರಾಠಿ ಕಾಗದಪತ್ರದ ಮೋಡಿ ಲಿಪಿ ಇರಬಹುದು ಎಂದೆ. ಮೋಡಿಯಲ್ಲಿ ಹೆಸರು ಬರೆಸಿದ ಕಾರು! ಈಗ ನೆನೆದರೆ ನಗು ಬರುತ್ತದೆ. ಆಗ ಗಂಭೀರವಾಗಿಯೇ ಹೇಳಿದ್ದೆ.

ಕಾರಿನ ಬಗ್ಗೆ ಮನೆಯಲ್ಲಿ ಒಂದು ಕತೆ ಇತ್ತು. ದೇವಿಮನೆ ಘಟ್ಟದಲ್ಲಿ ಮೋಟಾರು ಹಿಂದುಮುಂದಾಗಿ ಹತ್ತುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದ. ಡ್ರೈವರ್ ಗಾಡಿ ತಿರುಗಿಸಿ, ರಿವರ್ಸ್ ಹಾಕಿ, ಕತ್ತು ಹೊರಳಿಸಿಕೊಂಡು ಘಟ್ಟ ಹತ್ತಿಸುತ್ತಿದ್ದನಂತೆ. ಚಿಕ್ಕವರಿದ್ದಾಗ ನಾವು ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಅಜ್ಜ ಬಾಯಲ್ಲಿ ಕವಳ ಇಟ್ಟುಕೊಂಡು ಬಿಟ್ಟ ಬುರುಡೆ ಎಂದೇ ನಂಬಿದ್ದೆವು.

ಬುರುಡೆಯಲ್ಲ. ಫೋರ್ಡ್ ಕಂಪನಿಯ ಟಿ ಮಾಡೆಲ್ ಎಂಬ ಗಾಡಿ 1908ರಿಂದ 1927ರ ತನಕ ತಯಾರಾಯಿತು, ಒಟ್ಟು ಒಂದೂವರೆ ಕೋಟಿ. ಅದರ ಪೆಟ್ರೋಲ್ ಟ್ಯಾಂಕ್ ಬಹುಕಾಲ ಮುಂದಿನ ಸೀಟಿನ ಅಡಿಗೇ ಇತ್ತು. ಪಂಪ್ ಇರಲಿಲ್ಲ. ಪೆಟ್ರೋಲು ತನ್ನಷ್ಟಕ್ಕೆ ಇಳಿದು ಎಂಜಿನ್ನಿಗೆ ಹೋಗಬೇಕು, ನಮ್ಮ ತೋಟದ ಅಬ್ಬಿನೀರು ಬರುವ ಹಾಗೆ. ಕಡಿದಾದ ಏರಿನಲ್ಲಿ ಗಾಡಿಯ ಮೂತಿ ಮೇಲೆದ್ದರೆ ಎಂಜಿನ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗುತ್ತದೆ. ಟ್ಯಾಂಕ್ ತುಂಬ ಇಲ್ಲದಿದ್ದರೆ ಪೆಟ್ರೋಲು ಬರುವುದಿಲ್ಲ, ಗಾಡಿ ನಿಲ್ಲುತ್ತದೆ. ಅದಕ್ಕೆ ತಿರುಗಿಸಿ ಹಿಂದಿನಿಂದ ಹತ್ತಿಸುತ್ತಿದ್ದರು. ಮೇಲಾಗಿ ಆ ಗಾಡಿಯ ರಿವರ್ಸ್ ಗೇರಿಗೇ ಬಲ ಜಾಸ್ತಿ. ಇದನ್ನು ಓದಿದ ರಾತ್ರಿ ತೀರಿಹೋದ ಅಜ್ಜನ ಹತ್ತಿರ ಮನಸ್ಸಿನಲ್ಲೇ ತಪ್ಪಾಯ್ತು ಎಂದೆ.

ಅಲ್ಲಿಗೆ ಮುಗಿಯಿತಲ್ಲ, ನಮ್ಮದು ಟಿ ಮಾಡೆಲ್! ಫೋಟೊದ ಬೆನ್ನಿಗೂ 1927. ತಂತಿ ಚಕ್ರ ಒಂದು ತೊಡಕಾಗಿತ್ತು. ಟಿ ಗಾಡಿಗೆ ಸಾಮಾನ್ಯವಾಗಿ ಮರದ ಕಡ್ಡಿಯ ಚಕ್ರ. ಆದರೆ ಕೊನೆಯ ಎರಡು ವರ್ಷ ಬೇಕೆಂದವರಿಗೆ ತಂತಿ ಚಕ್ರವೂ ಸಿಗುತ್ತಿತ್ತು. ಅಳಿಯ ಇದನ್ನು ಹುಡುಕಿಕೊಟ್ಟಾಗ ಅವನಿಗೆ ನೂರು ರೂಪಾಯಿ ಕೊಟ್ಟೆ.

ಆ ಸಂತೋಷ ನಾಲ್ಕು ದಿನ ಇತ್ತು. ಐದನೇ ದಿನ ಜೀಪಿನ ಕ್ಲಚ್ ನೋಡಿಸಲು ಶಿರಸಿಗೆ ಹೋದವನು, ಸುಮ್ನೆ ಇರಲಾರದೆ ಫೋನಿನಲ್ಲಿದ್ದ ಚಿತ್ರವನ್ನು ಮೆಕ್ಯಾನಿಕ್‌ಗೆ ತೋರಿಸಿದೆ. ಎಪ್ಪತ್ತರ ಹತ್ತಿರದ ಮನುಷ್ಯ, ಓದಿದ್ದು ನಾಲ್ಕನೇ ಇಯತ್ತೆ. ಕೈ ಒರೆಸಿಕೊಂಡು ಕನ್ನಡಕ ಹಾಕಿ ಚಕ್ರವನ್ನೇ ನೋಡಿದ.

"ಭಟ್ರೇ, ಇದಕ್ಕೆ ಮುಂದೆ ಬ್ರೇಕ್ ಉಂಟು."

ತಂತಿ ಕಡ್ಡಿಗಳ ಹಿಂದೆ ಬೋಗುಣಿ ಕವುಚಿಟ್ಟ ಹಾಗೆ ಒಂದು ಡ್ರಮ್ಮು. ಎಂಟು ಚಿತ್ರ ತೆಗೆದ ನಮಗೆ ಅದು ಕಂಡಿರಲೇ ಇಲ್ಲ. ಟಿ ಮಾಡೆಲ್ ಗಾಡಿಯ ಮುಂದಿನ ಚಕ್ರಕ್ಕೆ ಕಂಪನಿ ಕೊನೆಯ ತನಕ ಬ್ರೇಕ್ ಕೊಡಲಿಲ್ಲ. ಹಾಗಾದರೆ ಟಿ ಅಲ್ಲ. ನೂರು ರೂಪಾಯಿ ವಾಪಸ್ ಕೇಳಲು ಮನಸ್ಸಾಗಲಿಲ್ಲ.

ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದ. ಅದೇ ನನ್ನ ನಿದ್ದೆ ಕೆಡಿಸಿದ್ದು. "ಸ್ಟೇರಿಂಗ್ ಎಡಗಡೆ ಉಂಟಲ್ರೀ. ಇದು ನಮ್ಮ ದೇಶದ ಗಾಡಿ ಅಲ್ಲ."

ನೋಡಿದರೆ ಹೌದು! ಐವತ್ತು ವರ್ಷ ದಿನಾ ನೋಡಿದ ಫೋಟೊ. ಸ್ಟೇರಿಂಗ್ ಯಾವ ಕಡೆ ಇದೆ ಎಂದು ಯಾರೂ ನೋಡಿರಲಿಲ್ಲ.

ಕಾರವಾರದ ಕೋಡಿಬಾಗದಲ್ಲಿ ನನ್ನ ಕಾಲೇಜಿನ ಗೆಳೆಯನೊಬ್ಬ ಇದ್ದಾನೆ. ಹಳೇ ಗಾಡಿಯ ಹುಚ್ಚು. ಶೆಡ್ಡಿನಲ್ಲಿ 1950ರ ದಶಕದ ಲ್ಯಾಂಡ್‌ಮಾಸ್ಟರ್ ಇಟ್ಟುಕೊಂಡಿದ್ದಾನೆ. ಓಡಿಸುವುದಕ್ಕಿಂತ ಅದರ ಕೆಳಗೆ ಮಲಗುವುದೇ ಜಾಸ್ತಿ. ಬೆಳಗಿನ ಬಸ್ಸು ಹಿಡಿದು ಹೋದೆ. ದಾರಿಯುದ್ದಕ್ಕೂ ನಾನೇ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದೆ. ಎಡಗಡೆ ಸ್ಟೇರಿಂಗ್ ಅಂದರೆ ಗೋವಾದ ಗಾಡಿ. ಆಗ ಗೋವಾ ಪೋರ್ಚುಗೀಸರದು, ಅವರದ್ದು ಬಲಗಡೆ ಓಡಿಸುವ ಪದ್ಧತಿ. ಕಾಳಿ ನದಿಯನ್ನು ದೋಣಿಯ ಮೇಲೆ ದಾಟಿಸಿಕೊಂಡು, ಕಾರವಾರ, ಅಂಕೋಲೆ ಹಾದು ಕುಮಟೆಗೆ ಬಂದಿರಬೇಕು. ಅಜ್ಜಿಯ ತವರು ಕುಮಟೆ ಕಡೆ. ಎಲ್ಲ ಸರಿಹೊಂದುತ್ತಿತ್ತು.

ಗೆಳೆಯ ಬಾಂಗಡೆ ಸಾರಿನ ಊಟಕ್ಕೆ ಕೂತಿದ್ದ. ನನಗೆ ಅನ್ನ, ಮಜ್ಜಿಗೆ, ಉಪ್ಪಿನಕಾಯಿ. ಸಿದ್ಧಾಂತ ಪೂರ್ತಿ ಕೇಳಿಸಿಕೊಂಡು, ಮುಳ್ಳು ಬದಿಗಿಟ್ಟು ಹೇಳಿದ. "ಪೋರ್ಚುಗಲ್‌ನವರು ಬಲಕ್ಕೆ ಬದಲಾಗಿದ್ದೇ 1928ರಲ್ಲಿ ಮಾರಾಯಾ. ಗೋವಾ ಬದಲಾಗಲೇ ಇಲ್ಲ. ಸುತ್ತ ಬ್ರಿಟಿಷರ ರಸ್ತೆ, ಗಡಿಯಲ್ಲಿ ಬಂದ ಗಾಡಿಗಳೆಲ್ಲ ಎದುರುಬದುರು ಡಿಕ್ಕಿ ಹೊಡೀಬೇಕಿತ್ತಾ? ಗೋವಾದವರೂ ಆಗಿಂದ ಎಡಗಡೆಯೇ."

ಸಿದ್ಧಾಂತ ಮಜ್ಜಿಗೆಯೊಂದಿಗೇ ಮುಗಿಯಿತು.

ಆದರೆ ಅವನು ಫೋಟೊ ನೋಡಿದ ರೀತಿ ನನಗೆ ಇಷ್ಟವಾಯಿತು. ಚಂದದ ಭಾಗಗಳನ್ನು ನೋಡಲೇ ಇಲ್ಲ. ಹೆಡ್‌ಲೈಟು, ಹಾರನ್, ಬಾಗಿಲು ಎಲ್ಲ ಬದಲಾಯಿಸಬಹುದು, ಮುರಿದರೆ ಬೇರೆ ಗಾಡಿಯದು ಹಾಕಬಹುದು, ಅದನ್ನು ನಂಬಬಾರದು ಎಂದ. ಭೂತಗನ್ನಡಿ ಹಿಡಿದು ನೇರ ಹೋಗಿದ್ದು ವಿಂಡ್‌ಸ್ಕ್ರೀನಿನ ಬುಡಕ್ಕೆ. ಅಲ್ಲಿ, ಗಾಜಿನ ಮುಂದೆ, ಒಂದು ಸಣ್ಣ ಮುಚ್ಚಳ. ನಾವು ಅದನ್ನು ಹೂವು ಅಂದುಕೊಂಡಿದ್ದೆವು.

"ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಇದು ಫೋರ್ಡಿನ ಎ ಮಾಡೆಲ್."

ಟಿ ಗಾಡಿಯ ನಂತರ 1927ರ ಡಿಸೆಂಬರಿನಲ್ಲಿ ಫೋರ್ಡ್ ಹೊರತಂದದ್ದು ಎ. 1931ರ ತನಕ ಸುಮಾರು 48 ಲಕ್ಷ ತಯಾರಾದವು. 40 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್, ನಾಲ್ಕೂ ಚಕ್ರಕ್ಕೆ ಬ್ರೇಕ್. ಪೆಟ್ರೋಲ್ ಟ್ಯಾಂಕನ್ನು ಡ್ಯಾಶ್‌ಬೋರ್ಡಿನ ಹಿಂದೆ, ಎತ್ತರದಲ್ಲಿ ಕೂರಿಸಿದ್ದರು. ಮುಂದಿನ ಸೀಟಿನವರು ಮೊಣಕಾಲ ಮೇಲೆ ಪೆಟ್ರೋಲು ಇಟ್ಟುಕೊಂಡು ಕೂತ ಹಾಗೆ. ಪಂಪು ಇದಕ್ಕೂ ಇಲ್ಲ. ಆದರೆ ಟ್ಯಾಂಕ್ ಮೇಲೇ ಇರುವುದರಿಂದ ಏರಿನಲ್ಲಿ ಪೆಟ್ರೋಲು ನಿಲ್ಲುವ ತಾಪತ್ರಯ ಇಲ್ಲ. ಅದೇ ಕಾಲದ ಷೆವರ್ಲೆ ಆಗಿರಬಾರದಾ ಎಂದು ಕೇಳಿದೆ. 1928ರ ಕೊನೆಗೆ ಮುಂಬಯಿಯ ಶಿವಡಿಯಲ್ಲೇ ಜೋಡಣೆ ಶುರುವಾಗಿತ್ತು, ಈ ಕಡೆಗೂ ಬಂದಿರಬಹುದು ಎಂದು ಓದಿಕೊಂಡು ಹೋಗಿದ್ದೆ. ಷೆವರ್ಲೆಯ ಬಿಲ್ಲೆ ಬೋ ಟೈ ಆಕಾರದ್ದು, ಮೊಟ್ಟೆಯಾಕಾರ ಅಲ್ಲ, ಟ್ಯಾಂಕೂ ಹಿಂದೆ, ಎಂದು ಒಂದೇ ಮಾತಿನಲ್ಲಿ ಮುಗಿಸಿದ.

ಬಿಲ್ಲೆ ಯಾಕೆ ಬಿಳಿಚಿದೆ ಎಂಬುದನ್ನೂ ಅವನೇ ಹೇಳಿದ. ಆ ಕಾಲದ ಹೆಚ್ಚಿನ ಫೋಟೊ ಗಾಜುಗಳಿಗೆ ಕೆಂಪು ಬಣ್ಣ ತಾಕುತ್ತಲೇ ಇರಲಿಲ್ಲ, ನೀಲಿ ಜಾಸ್ತಿ ತಾಕುತ್ತಿತ್ತು. ಹಾಗಾಗಿ ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಫೋರ್ಡಿನ ಬಿಲ್ಲೆ ನೀಲಿ. ಅಜ್ಜಿಯ ಹಣೆಯ ಕುಂಕುಮ ಇದ್ದಿಲಿನ ಹಾಗೆ ಕಾಣುತ್ತಿದ್ದುದೂ ಅದಕ್ಕೇ. ಅಜ್ಜಿ ಯಾವಾಗಲೂ "ಕೆಂಪು ಮೋಟಾರು" ಎನ್ನುತ್ತಿದ್ದಳು. ಫೋಟೊದಲ್ಲಿ ಗಾಡಿ ಕಪ್ಪಗಿತ್ತು, ನಾವು ನಂಬಿರಲಿಲ್ಲ. ಹೀಗೆ ಅಜ್ಜಿಗೂ ಒಂದು ತಪ್ಪಾಯ್ತು ಬಾಕಿ ಬಿತ್ತು.

ಎರಡು ಗಂಟು ಮಾತ್ರ ಅವನಿಂದಲೂ ಬಿಡಲಿಲ್ಲ. ಒಂದು, ಬಿಲ್ಲೆಯ ಅಕ್ಷರ. ಎ ಮಾಡೆಲ್ ಆದರೆ ಅಲ್ಲಿ ಫೋರ್ಡ್ ಎಂದಿರಬೇಕು, ಇದು ಹಾಗೆ ಕಾಣುತ್ತಿಲ್ಲ. ಇನ್ನೊಂದು, ಆ ಸ್ಟೇರಿಂಗ್. ಭಾರತಕ್ಕೆ ಬರುತ್ತಿದ್ದ ಫೋರ್ಡುಗಳು ಕೆನಡಾದವು, ಬಲಗಡೆ ಸ್ಟೇರಿಂಗ್ ಇಟ್ಟು ಬ್ರಿಟಿಷರ ದೇಶಗಳಿಗೆಂದೇ ಮಾಡಿದವು. ಭಾರತದ ಫೋರ್ಡ್ ಕಂಪನಿಯನ್ನು 1926ರಲ್ಲಿ ತೆರೆದಿದ್ದೂ ಕೆನಡಾದವರೇ. ಎಡಗಡೆ ಸ್ಟೇರಿಂಗಿನ ಗಾಡಿ ಕುಮಟೆಯಲ್ಲಿ ಯಾಕಿತ್ತು?

ಗೆಳೆಯ ಮೆಲ್ಲಗೆ ಕೇಳಿದ. "ಈ ಫೋಟೊ ಕುಮಟೆಯದೇ ಹೌದಾ? ಸ್ಟುಡಿಯೋದವರು ಯಾರದ್ದೋ ಗಾಡಿಯ ಫೋಟೊಕ್ಕೆ ನಿಮ್ಮವರನ್ನು ಅಂಟಿಸಿದ್ದಲ್ಲ ತಾನೇ?"

ಮನೆಗೆ ಬಂದು ಈ ಮಾತನ್ನು ಅಪ್ಪನಿಗೆ ಹೇಳಿದ್ದೇ ತಪ್ಪು. ಅಪ್ಪ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಫೋಟೊವನ್ನು ಗೋಡೆಗೂ ಹಾಕಿಸಲಿಲ್ಲ. ಅದು ಜಗಲಿಯ ಮೂಲೆಯಲ್ಲಿ ಅಡಕೆ ಚೀಲಕ್ಕೆ ಒರಗಿಕೊಂಡು ನಿಂತಿತ್ತು.

ಪುಷ್ಯದಲ್ಲಿ ಅಜ್ಜನ ತಿಥಿ ಬಂತು. ಅತ್ತೆ, ಅಂದರೆ ಅಪ್ಪನ ಅಕ್ಕ, ಸಿದ್ದಾಪುರದಿಂದ ಬಂದಳು. ಎಂಬತ್ತೆಂಟು ವರ್ಷ, ಕಿವಿ ಮಂದ, ಕಣ್ಣು ಚುರುಕು. ಬೆಳಿಗ್ಗೆಯಿಂದ ಅಪ್ಪ ಪಿಂಡ ಇಡುವುದನ್ನು ಕೂತು ನೋಡಿದ್ದಳು. ಊಟ ಆಗಿ, ಕವಳ ಹಾಕಿಕೊಂಡು, ಜಗಲಿಯಲ್ಲಿ ಒರಗುವಾಗ ಮೂಲೆಯ ಫೋಟೊ ಕಂಡಿತು. ಹತ್ತಿರ ತರಿಸಿಕೊಂಡಳು. ಸುಮಾರು ಹೊತ್ತು ನೋಡಿದಳು.

"ತಮಾ, ದೊಡ್ಡಯ್ಯ ಇಲ್ಲಿ ಯಾರ ತಿಥಿ ಮಾಡ್ತಾ ಇದ್ದಾನೆ?"

ನನಗೆ ಅರ್ಥವಾಗಲಿಲ್ಲ. ಅವಳ ಬೆರಳು ಕಾರಿನ ಮೇಲಿರಲಿಲ್ಲ. ಎರಡನೇ ಸಾಲಿನಲ್ಲಿ, ಬರೀ ಮೈಯಲ್ಲಿ ನಿಂತಿದ್ದ ಅಜ್ಜನ ಅಣ್ಣನ ಮೇಲಿತ್ತು. ಅವನ ಜನಿವಾರ ಬಲಭುಜದ ಮೇಲಿತ್ತು.

ಜನಿವಾರ ಇರುವುದು ಎಡಭುಜದ ಮೇಲೆ. ಬಲಕ್ಕೆ ಹಾಕಿಕೊಳ್ಳುವುದು ಪಿತೃಕಾರ್ಯದಲ್ಲಿ ಮಾತ್ರ. ಅವತ್ತು ಬೆಳಿಗ್ಗೆ ತಾನೇ ಅಪ್ಪ ಹಾಕಿಕೊಂಡಿದ್ದ ಹಾಗೆ. ಮದುವೆಯ ದಿನ, ಹುಡುಗನ ಸ್ವಂತ ಅಣ್ಣ, ಕ್ಯಾಮೆರಾದ ಎದುರು ಹಾಗೆ ನಿಲ್ಲುತ್ತಾನಾ? ಅಪ್ಪ ಎದ್ದು ಬಂದ. ಅವನ ಪಕ್ಕದ ಅಡುಗೆ ಭಟ್ಟರದ್ದೂ ಬಲಕ್ಕೇ. ಹಿಂದಿನ ಮುದುಕರದ್ದೂ ಬಲಕ್ಕೇ. ಬರೀ ಮೈಯವರು ಐದು ಜನ, ಐದೂ ಜನಿವಾರ ಬಲಕ್ಕೆ. ಕೋಟು ಹಾಕಿದವರ ಗುಂಡಿ ನೋಡಿದರೆ ಅದೂ ಹೆಂಗಸರ ರವಿಕೆಯ ಹಾಗೆ ಉಲ್ಟಾ.

ಅಳಿಯ ಇದ್ದಿದ್ದರೆ ಫೋನಿನಲ್ಲಿ ಒಂದು ಗುಂಡಿ ಒತ್ತಿ ತಿರುಗಿಸುತ್ತಿದ್ದ. ನಮಗೆ ಅದು ಹೊಳೆಯಲಿಲ್ಲ. ನಾನೂ ಅಪ್ಪನೂ ಚೌಕಟ್ಟನ್ನು ಆ ಕಡೆ ಈ ಕಡೆ ಹಿಡಿದು ಕೋಣೆಯ ಕಪಾಟಿನ ನಿಲುಗನ್ನಡಿಯ ಎದುರಿಗೆ ಒಯ್ದೆವು. ಕನ್ನಡಿಯಲ್ಲಿ ದೊಡ್ಡಯ್ಯನ ಜನಿವಾರ ಎಡಭುಜಕ್ಕೆ ಬಂತು. ಸ್ಟೇರಿಂಗ್ ಬಲಕ್ಕೆ ಹೋಯಿತು. ಮಾಲೆಯ ಪಕ್ಕದ ಬಿಲ್ಲೆಯಲ್ಲಿ, ಅರಬ್ಬಿಯೂ ಅಲ್ಲದ ಮೋಡಿಯೂ ಅಲ್ಲದ ಆ ಬಳ್ಳಿ, ಇಂಗ್ಲಿಷಿನ ಆರ್ ಮತ್ತು ಡಿ ಆಯಿತು. ಫೋರ್ಡ್ ಎಂಬುದರ ಬಾಲ. ಮುಂದಿನ ಎರಡಕ್ಷರ ಹೂವಿನ ಅಡಿಗೆ.

1972ರಲ್ಲಿ ಸ್ಟುಡಿಯೋದವರು ಗಾಜಿನ ನೆಗೆಟಿವನ್ನು ಮಗುಚಿ ಇಟ್ಟು ಪ್ರಿಂಟ್ ಹಾಕಿದ್ದರು, ಅಷ್ಟೇ. ಗಾಜಿನ ಒಂದು ಬದಿಗೆ ಮಾತ್ರ ಚಿತ್ರದ ಲೇಪ ಇರುತ್ತದೆ. ಯಾವ ಬದಿ ಕಾಗದದ ಕಡೆ ಇರಬೇಕೋ ಅದು ತಪ್ಪಿದರೆ ಎಡ ಬಲ ಅದಲುಬದಲು. ಐವತ್ತು ವರ್ಷ ನಾವು ಕನ್ನಡಿಯೊಳಗಿನ ಮದುವೆ ನೋಡುತ್ತಿದ್ದೆವು. ನಾನು ಚಕ್ರದ ಕಡ್ಡಿ ಎಣಿಸಿದ್ದೆ, ಮುಚ್ಚಳದ ನೆರಳು ಅಳೆದಿದ್ದೆ. ನಿಂತ ಜನರ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಅಪ್ಪ ಅವತ್ತಿನಿಂದ ನನ್ನ ಹತ್ತಿರ ಮಾತಾಡತೊಡಗಿದ.

ಇಸವಿ ಇನ್ನೂ ಉಳಿದಿತ್ತು. ಚಕ್ರದಿಂದ ಚಕ್ರಕ್ಕೆ ಇರುವ ದೂರ ಎ ಮಾಡೆಲ್‌ನಲ್ಲಿ 103.5 ಇಂಚು. ಸ್ಕೇಲು ಹಿಡಿದು, ಅದರ ಲೆಕ್ಕದ ಮೇಲೆ ರಿಮ್ಮಿನ ಅಳತೆ ಹೊರಡಿಸಲು ನೋಡಿದೆ. ಮೊದಲ ಎರಡು ವರ್ಷದ ಗಾಡಿಗೆ 21 ಇಂಚಿನ ರಿಮ್ಮು, 1930ರಿಂದ 19 ಇಂಚಿನದು. ನನಗೆ 16 ಬಂತು. ಗಾಡಿ ಓರೆಯಾಗಿ ನಿಂತಿದೆ ಮಾವಾ, ಓರೆ ಫೋಟೊಕ್ಕೆ ಸ್ಕೇಲು ಇಡಬಾರದು ಎಂದು ಅಳಿಯ ಫೋನಿನಲ್ಲೇ ನಕ್ಕ. ಕೊನೆಗೆ ಕೆಲಸಕ್ಕೆ ಬಂದಿದ್ದು ಬಾನೆಟ್ಟಿನ ಗೆರೆ. ಮೊದಲ ಎರಡು ವರ್ಷದ ಗಾಡಿಗಳ ರೇಡಿಯೇಟರ್ ಗಿಡ್ಡ. 1930ರಲ್ಲಿ ಅದನ್ನು ಎತ್ತರಿಸಿದರು, ಬಾನೆಟ್ಟಿನ ಮೇಲ್ಗೆರೆ ರೇಡಿಯೇಟರಿನಿಂದ ವಿಂಡ್‌ಸ್ಕ್ರೀನಿನ ಬುಡದ ತನಕ ಹೆಚ್ಚುಕಡಿಮೆ ನೇರವಾಯಿತು. ನಮ್ಮ ಗಾಡಿಯದು ನೇರ. ಟೈರೂ ಗಿಡ್ಡಕ್ಕೆ, ದಪ್ಪಕ್ಕೆ ಇದೆ. 1931ರ ಗಾಡಿಯಾದರೆ ಬಿಲ್ಲೆಯ ಸುತ್ತ ರೇಡಿಯೇಟರಿನ ತಗಡಿನ ಮೇಲೆ ಬಣ್ಣ ಬಳಿದ ತಗ್ಗು ಇರಬೇಕು. ಅಲ್ಲಿ ಮಾಲೆ. ಹಾಗಾಗಿ 1930 ಅಥವಾ 31 ಎಂದಿಟ್ಟುಕೊಂಡೆವು. ದೊಡ್ಡಪ್ಪನ 1927 ಯಾವ ಲೆಕ್ಕದಲ್ಲೂ ನಿಲ್ಲಲಿಲ್ಲ.

ಮತ್ತೆ ಅಜ್ಜನ ಘಟ್ಟದ ಕತೆ? ಎ ಮಾಡೆಲ್ ಗಾಡಿ ಹಿಂದುಮುಂದಾಗಿ ಹತ್ತಬೇಕಿರಲಿಲ್ಲ. ಅತ್ತೆಯನ್ನು ಕೇಳಿದೆ. ಅವಳಿಗೆ ಸಿಟ್ಟೇ ಬಂತು. "ಅಪ್ಪಯ್ಯ ಯಾವತ್ತು 'ನನ್ನ ಮೋಟಾರು' ಅಂದಿದ್ದ? ಅವ ಸಣ್ಣಕ್ಕಿರುವಾಗ ಘಟ್ಟದಲ್ಲಿ ಕಂಡ ಗಾಡಿ ಅದು. ಸಾಹೇಬರದ್ದು ಯಾರದ್ದೋ. ಎರಡೂ ಸೇರಿಸಿ ಒಂದು ಮಾಡಿದ್ದು ನೀವು ಗಂಡಸರು."

ಹೋಳಿ ಹುಣ್ಣಿಮೆ ಕಳೆದ ಮೇಲೆ ಅಜ್ಜಿಯ ತವರಿಗೆ ಹೋದೆವು. ಅಪ್ಪನೂ ಬಂದ. ಈಗ ಅಗಲ ಮಾಡಿದ ದೇವಿಮನೆ ಘಟ್ಟದಲ್ಲಿ ಇಳಿಯುತ್ತ, ತಿರುವಿಗೊಮ್ಮೆ "ಇಲ್ಲಿ ಹಿಂದುಮುಂದಾಗಿ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ತವರಿನವರ ಅಟ್ಟದ ಕಬ್ಬಿಣದ ಪೆಟ್ಟಿಗೆಯಲ್ಲಿ ಆ ಮದುವೆಯದೇ ಒಂದು ಫೋಟೊ ಸಿಕ್ಕಿತು. ಅಂಗೈಯಗಲ, ಆಗಲೇ ಹಾಕಿಸಿದ ಮೂಲ ಪ್ರಿಂಟು. ಎಡ ಎಡಕ್ಕೆ, ಬಲ ಬಲಕ್ಕೆ. ದೊಡ್ಡದು ಮಾಡಿದ್ದಕ್ಕಿಂತ ಇದೇ ಸ್ಪಷ್ಟ. ಭೂತಗನ್ನಡಿ ಇಟ್ಟರೆ ಆರ್, ಡಿ ಎರಡೂ ಕಡೆದ ಹಾಗೆ ಕಾಣುತ್ತದೆ.

ಇದರಲ್ಲಿ ಒಬ್ಬ ಮನುಷ್ಯ ಜಾಸ್ತಿ ಇದ್ದ. ತೀರಾ ಅಂಚಿನಲ್ಲಿ, ಮಡ್‌ಗಾರ್ಡಿಗೆ ಕೈಯಿಟ್ಟು ನಿಂತವನು. ಖಾಕಿ ಕೋಟು, ತಲೆಗೆ ಟೊಪ್ಪಿಗೆ. ಅಷ್ಟು ಜನರಲ್ಲಿ ಕ್ಯಾಮೆರಾ ನೋಡಿ ಸ್ವಲ್ಪ ನಕ್ಕವನು ಅವನೊಬ್ಬನೇ. ದೊಡ್ಡದು ಮಾಡುವಾಗ ಸ್ಟುಡಿಯೋದವರು ಅವನನ್ನು ಕತ್ತರಿಸಿದ್ದರು. ಅಥವಾ ನಮ್ಮವರೇ ಹೇಳಿ ಕತ್ತರಿಸಿದ್ದರೋ.

ಅಪ್ಪ ದಾರಿಯಲ್ಲಿ ಏನೂ ಮಾತಾಡಲಿಲ್ಲ. ಮಾರನೇ ದಿನ ಅವನೇ ಅಟ್ಟ ಹತ್ತಿ ಮುತ್ತಜ್ಜನ ಕಿರ್ದಿ ಪುಸ್ತಕಗಳ ಗಂಟು ಇಳಿಸಿದ. ಅಡಕೆ ವ್ಯವಹಾರದವರ ಮನೆಯಲ್ಲಿ ಹಳೇ ಕಿರ್ದಿ ಬಿಸಾಡುವುದಿಲ್ಲ, ಅದೊಂದು ಪುಣ್ಯ. ಮೂರನೇ ದಿನ ಸಿಕ್ಕಿತು. ಶ್ರೀಮುಖ ಸಂವತ್ಸರ, ವೈಶಾಖ. ಮದುವೆ ಖರ್ಚಿಗೆ ನಾಲ್ಕು ಪುಟ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶ್ರೀಮುಖ ಎಂದರೆ 1873 ಆಗಬೇಕು, 1933 ಆಗಬೇಕು, ಇಲ್ಲ 1993. ಮೊದಲನೆಯದಕ್ಕೆ ಮೋಟಾರೇ ಹುಟ್ಟಿಲ್ಲ, ಕೊನೆಯದಕ್ಕೆ ಅಜ್ಜ ಬದುಕಿಲ್ಲ. ಹಾಗಾಗಿ 1933ರ ಬೇಸಿಗೆ. ಗಾಡಿಗೆ ಆಗ ಎರಡು ಮೂರು ವರ್ಷ.

ಬೆಲ್ಲ, ತುಪ್ಪ, ಬಾಳೆಲೆ, ವಾಲಗದವರ ಲೆಕ್ಕದ ಕೆಳಗೆ, ರೂಪಾಯಿ-ಆಣೆ-ಪೈಯಲ್ಲಿ, ಇದಿತ್ತು. "ಮೋಟಾರ ಬಾಡಿಗೆ, ಕುಮಟೆಯಿಂದ ಹೆದ್ದಾರಿ ತನಕ, 14-8-0. ಅಲ್ಲಿಂದ ಮನೆಗೆ ಎತ್ತಿನ ಗಾಡಿ ಎರಡು, 1-4-0. ಡ್ರೈವರಗೆ ಬಕ್ಷೀಸು, 0-8-0."

ಈಗ ಜಗಲಿಯಲ್ಲಿ ಹೊಸ ಫೋಟೊ ಇದೆ. ಸಣ್ಣ ಪ್ರಿಂಟಿನಿಂದಲೇ ದೊಡ್ಡದು ಮಾಡಿಸಿದ್ದು, ಅಂಚು ಕತ್ತರಿಸದೆ. ಮೊನ್ನೆ ಅಡಕೆ ವ್ಯಾಪಾರದವರೊಬ್ಬರು ಬಂದಿದ್ದರು. ಆಸರಿಗೆ ಕುಡಿಯುತ್ತ ಕತ್ತೆತ್ತಿ, ಖಾಕಿ ಕೋಟಿನವನನ್ನು ತೋರಿಸಿ, "ಇವರು ಯಾರು, ನಿಮ್ಮ ಕಡೆಯವರಾ?" ಎಂದು ಕೇಳಿದರು.

"ಅಲ್ಲ, ಡ್ರೈವರ್," ಎಂದ ಅಪ್ಪ. "ನಮ್ಮಜ್ಜ ಎಂಟಾಣೆ ಬಕ್ಷೀಸು ಕೊಟ್ಟಿದ್ದ."